ಕೈ ನಡುಗಿದರೆ ಅದು ಬರೀ ಮುಪ್ಪಲ್ಲ

ನಮ್ಮ ಆಳಂದ ತಾಲ್ಲೂಕಿನ ಹಳ್ಳಿಗಳಲ್ಲಿ ಹಿರಿಯರ ಕೈ ನಡುಗಿದರೆ 'ವಯಸ್ಸಾತು ಬಿಡ್ರಿ' ಅನ್ನುತ್ತಾರೆ. ಉರ್ದು ಮಾತಾಡುವ ನಮ್ಮ ಮನೆಗಳಲ್ಲಿ ಇದಕ್ಕೆ 'ರಾಶಾ' ಎಂಬ ಹೆಸರೇ ಇದೆ. ಹೆಸರಿದ್ದರೂ ಡಾಕ್ಟರ್ ಹತ್ತಿರ ಕರೆದೊಯ್ಯುವವರು ಕಡಿಮೆ. ಎಲ್ಲ ನಡುಕವೂ ಪಾರ್ಕಿನ್ಸನ್ ಕಾಯಿಲೆ ಅಲ್ಲ. ಆದರೆ ಸುಮ್ಮನೆ ಕುಳಿತಾಗ ಒಂದು ಕೈ ನಡುಗುವುದು, ಮೈ ಬಿಗಿಯುವುದು, ನಡಿಗೆ ನಿಧಾನವಾಗುವುದು, ಬರೆಯುವ ಅಕ್ಷರ ಸಣ್ಣದಾಗುವುದು ಕೂಡಿ ಬಂದರೆ ತೋರಿಸಲೇಬೇಕು. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದರ ಬಗ್ಗೆ ಬರೆದದ್ದರಿಂದ ಈ ಹೆಸರು ಬಂತು.

ನಾನು ಕಾಮರ್ಸ್ ವಿದ್ಯಾರ್ಥಿ. ಅಂಗಡಿ ಲೆಕ್ಕದಲ್ಲೇ ಹೇಳುತ್ತೇನೆ. ಮೆದುಳಿನಲ್ಲಿ ಕಪ್ಪು ಬಣ್ಣದ ಕೆಲವು ಜೀವಕೋಶಗಳು ಡೋಪಮೈನ್ ಎಂಬ ರಾಸಾಯನಿಕ ತಯಾರಿಸುತ್ತವೆ. ನಮ್ಮ ಚಲನೆ ಸರಾಗವಾಗಿರಲು ಅದು ಬೇಕು. ಈ ಕೋಶಗಳೇ ಬಂಡವಾಳ. ಬಂಡವಾಳ ಕರಗುತ್ತಿದ್ದರೂ ಅಂಗಡಿ ಕೆಲವು ವರ್ಷ ನಡೆಯುತ್ತದೆ, ಹೊರಗಿನವರಿಗೆ ಗೊತ್ತಾಗುವುದಿಲ್ಲ. ನಡುಕ ಕಾಣುವ ಹೊತ್ತಿಗೆ ದೊಡ್ಡ ಪಾಲು ಹೋಗಿರುತ್ತದೆ.

1960ರ ದಶಕದಿಂದ ಬಳಕೆಗೆ ಬಂದ ಲೆವೊಡೋಪ ಇಂದಿಗೂ ಮುಖ್ಯ ಔಷಧಿ. ನಮ್ಮ ಬೇಲಿಗಳಲ್ಲಿ ಬೆಳೆಯುವ, ಮುಟ್ಟಿದರೆ ಮೈ ತುರಿಸುವ ನಸುಗುನ್ನಿಯ ಬೀಜದಲ್ಲೂ ಇದೇ ಪದಾರ್ಥವಿದೆ. 1937ರಲ್ಲೇ ಭಾರತೀಯ ವಿಜ್ಞಾನಿಗಳು ಅದನ್ನು ಬೇರ್ಪಡಿಸಿದ್ದರು. ಹಾಗಂತ ಬೀಜ ತಿನ್ನಬಾರದು, ಎಷ್ಟು ಪ್ರಮಾಣ ದೇಹಕ್ಕೆ ಹೋಗುತ್ತದೆಂದು ತಿಳಿಯುವುದಿಲ್ಲ. ಲೆವೊಡೋಪ ಅಂದಂದಿನ ಖರ್ಚಿಗೆ ಕೈಗಡ ಕೊಟ್ಟ ಹಾಗೆ. ದಿನ ಸಾಗುತ್ತದೆ, ಬಂಡವಾಳ ಕರಗುವುದು ನಿಲ್ಲುವುದಿಲ್ಲ.

ಅದಕ್ಕೇ ವಿಜ್ಞಾನಿಗಳು ಈಗ ಹೊಸದಾಗಿ ಯೋಚಿಸುತ್ತಿದ್ದಾರೆ. ಕಾಯಿಲೆ ಮೂಗಿನಲ್ಲಿ ಅಥವಾ ಕರುಳಿನಲ್ಲಿ ಶುರುವಾಗಿ ಮೆದುಳಿಗೆ ಹಬ್ಬುತ್ತಿರಬಹುದು ಎಂದು ಜರ್ಮನಿಯ ಹೈಕೊ ಬ್ರಾಕ್ 2003ರಲ್ಲಿ ಸೂಚಿಸಿದರು. ಎಷ್ಟೋ ರೋಗಿಗಳಲ್ಲಿ ನಡುಕಕ್ಕಿಂತ ವರ್ಷಗಳ ಮೊದಲೇ ಮಲಬದ್ಧತೆ, ವಾಸನೆ ತಿಳಿಯದಿರುವುದು, ನಿದ್ದೆಯಲ್ಲಿ ಕೈಕಾಲು ಬಡಿಯುವುದು ಇರುತ್ತವೆ. ಆ ಹಂತದಲ್ಲೇ ಗುರುತಿಸಿದರೆ ಉಳಿದ ಕೋಶಗಳನ್ನು ಕಾಪಾಡಬಹುದೇ ಎಂಬುದು ಇಂದಿನ ಪ್ರಶ್ನೆ.

ಇನ್ನೊಂದು ಪ್ರಶ್ನೆ ನಮ್ಮ ಕರ್ನಾಟಕದಿಂದಲೇ ಬಂತು. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತ ಭಾರತೀಯರ ಮೆದುಳಿನಲ್ಲಿ ಈ ಕಪ್ಪು ಕೋಶಗಳು ಬ್ರಿಟನ್ನಿನವರಿಗಿಂತ ಸುಮಾರು ಶೇ. 40ರಷ್ಟು ಕಡಿಮೆ ಇದ್ದವು. ಆದರೆ ವಯಸ್ಸಾದಂತೆ ಕಡಿಮೆಯಾಗಿರಲಿಲ್ಲ! ಅಂದರೆ ಬರೀ ಕೋಶಗಳ ಸಂಖ್ಯೆ ಕಾಯಿಲೆಯನ್ನು ವಿವರಿಸುವುದಿಲ್ಲ. ಬೇರೆ ದೇಶದ ಅಳತೆಗೋಲು ನಮಗೆ ಹಾಗೆಯೇ ಹೊಂದುವುದೂ ಇಲ್ಲ. ನಮ್ಮ ಜನರ ಮೇಲೆಯೂ ಸಂಶೋಧನೆ ನಡೆಯಬೇಕು.

ರೈತರ ಮಕ್ಕಳಾದ ನಾವು ಗಮನಿಸಬೇಕಾದ ಮಾತೊಂದಿದೆ. ಪ್ಯಾರಾಕ್ವಾಟ್‌ನಂಥ ಕಳೆನಾಶಕಕ್ಕೂ ಈ ಕಾಯಿಲೆಗೂ ನಂಟಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಹೊಲದಲ್ಲಿ ಔಷಧಿ ಹೊಡೆಯುವಾಗ ಕೈಗವಸು, ಮಾಸ್ಕ್ ಹಾಕಿಕೊಳ್ಳಲು ಅಬ್ಬಾಜಾನ್‌ಗೆ, ಅಣ್ಣಂದಿರಿಗೆ ಹೇಳಿ.

ಮನೆಯಲ್ಲಿ ರೋಗಿ ಇದ್ದರೆ ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡಿ. ಬೇಳೆ, ಮಾಂಸದ ಪ್ರೋಟೀನ್ ಲೆವೊಡೋಪಕ್ಕೆ ಅಡ್ಡಿಯಾಗುವುದರಿಂದ ಊಟಕ್ಕೆ ಮೊದಲು ಕೊಡಬೇಕೇ ಎಂದು ವೈದ್ಯರನ್ನು ಕೇಳಿ. ದಿನವೂ ನಡೆದಾಡಿಸಿ, ವ್ಯಾಯಾಮದಿಂದ ಚಲನೆ ಸುಧಾರಿಸುತ್ತದೆ. ರಂಜಾನ್‌ನಲ್ಲಿ ರೋಜಾಕ್ಕಾಗಿ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯ. ಬೀಮಾರರಿಗೆ ರಿಯಾಯಿತಿ ಇದೆಯೆಂದು ದಾದಾ, ದಾದಿಗೆ ಪ್ರೀತಿಯಿಂದ ತಿಳಿಸಿ ಹೇಳುವುದು ನಮ್ಮ ಕೆಲಸ.