ವೆರೋನಾ ಪಟ್ಟಣದ ಒಂದು ಬೀದಿ

ಅರಸರ ವಿಜಯ, ರಣರಂಗ, ಪುರಾಣಪುರುಷರ ಸಾಹಸ ಇವೇ ಚಿತ್ರಕಲೆಗೆ ಯೋಗ್ಯವಾದ ವಿಷಯಗಳೆಂಬ ಅಭಿಪ್ರಾಯವು ಯೂರೋಪಿನಲ್ಲಿ ಬಹುಕಾಲ ಪ್ರಬಲವಾಗಿತ್ತು. ಹಳೆಯ ಗೋಡೆಯೂ ಅದರ ಮೇಲೆ ಬಿದ್ದ ಬಿಸಿಲೂ ಮನಸ್ಸನ್ನು ಕಲಕಬಲ್ಲವೆಂದು ರೊಮ್ಯಾಂಟಿಕ್ ಯುಗದ ಕೆಲವು ಚಿತ್ರಗಾರರು ತೋರಿಸಿಕೊಟ್ಟರು. ಅವರಲ್ಲಿ ರಿಚರ್ಡ್ ಪಾರ್ಕ್ಸ್ ಬಾನಿಂಗ್ಟನನು ಒಬ್ಬನು. ಆತನು ವೆರೋನಾ ಪಟ್ಟಣದ ಕೋರ್ಸೋ ಸಾಂತ್ ಅನಸ್ತಾಸಿಯ ಎಂಬ ಬೀದಿಯನ್ನು ಕುರಿತು ಬರೆದ ಚಿತ್ರದ ವಿಷಯವಾಗಿ ಇಲ್ಲಿ ನಾಲ್ಕು ಮಾತುಗಳನ್ನು ಹೇಳುವೆವು.

ಬಾನಿಂಗ್ಟನನು ೧೮೦೨ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಸಮೀಪದಲ್ಲಿ ಹುಟ್ಟಿದನು. ಆತನ ತಾಯಿ ಉಪಾಧ್ಯಾಯಿನಿಯಾಗಿದ್ದಳು. ಕುಟುಂಬವು ಫ್ರಾನ್ಸಿಗೆ ಹೋಗಿ ನೆಲೆಸಿದುದರಿಂದ ಆತನು ಪಾರಿಸಿನ ಪ್ರಸಿದ್ಧ ಕಲಾಶಾಲೆಯಲ್ಲಿ ಗ್ರೋ ಎಂಬ ಗುರುವಿನಿಂದ ಶಿಕ್ಷಣ ಹೊಂದಿದನು. ೧೮೨೪ರ ಪಾರಿಸಿನ ಕಲಾಪ್ರದರ್ಶನದಲ್ಲಿ ಆತನಿಗೆ ಚಿನ್ನದ ಪದಕವು ದೊರೆಯಿತು. ೧೮೨೬ರ ವಸಂತಕಾಲದಲ್ಲಿ ಸ್ನೇಹಿತನೊಬ್ಬನೊಡನೆ ಇಟಲಿಗೆ ಪ್ರಯಾಣ ಮಾಡಿದನು. ಆಗ ವೆರೋನಾ ಪಟ್ಟಣವು ಆಸ್ಟ್ರಿಯದ ಆಳಿಕೆಗೆ ಒಳಪಟ್ಟಿತ್ತು.

ಈ ಬೀದಿಯು ಪುರಾತನ ರೋಮನರು ಹಾಕಿದ ಹೆದ್ದಾರಿಯ ಜಾಡಿನಲ್ಲಿಯೇ ಇದೆ. ಆದುದರಿಂದಲೇ ಅದು ನೇರವಾಗಿದೆ. ಇಕ್ಕೆಲಗಳಲ್ಲಿ ಎತ್ತರವಾದ ಮನೆಗಳು, ಅವುಗಳ ಮೊಗಸಾಲೆಗಳು. ಕೆಳಗೆ ಸಣ್ಣದಾಗಿ ಕಾಣುವ ಜನರು. ನಮ್ಮ ದೃಷ್ಟಿಯು ತಾನಾಗಿ ಬೀದಿಯ ಕೊನೆಗೆ ಸಾಗಿ, ಸಂತೆಯ ಚೌಕದ ಅಂಚಿನಲ್ಲಿರುವ ಮಾಫೇಯಿ ಅರಮನೆಯ ಮೇಲೆ ನಿಲ್ಲುತ್ತದೆ.

ಇದರ ಜಲವರ್ಣದ ಚಿತ್ರವು ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿಯೂ, ೧೮೨೮ರ ತೈಲಚಿತ್ರವು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಬ್ರಿಟಿಷ್ ಕಲಾಕೇಂದ್ರದಲ್ಲಿಯೂ ಇವೆ. ಜಲವರ್ಣದಲ್ಲಿ ಬಣ್ಣವು ತೆಳುವಾಗಿರುವುದರಿಂದ ಕಾಗದದ ಬಿಳುಪೇ ಬಿಸಿಲಾಗಿ ಹೊಳೆಯುವುದು. ತೈಲಚಿತ್ರದಲ್ಲಿ ಆ ಅನುಕೂಲವಿಲ್ಲ. ಬೆಳಕನ್ನೂ ಬಣ್ಣದಿಂದಲೇ ಕಟ್ಟಬೇಕು. ಜಲವರ್ಣದ ಆ ತಿಳಿಬೆಳಕನ್ನು ತೈಲವರ್ಣಕ್ಕೂ ತಂದುದು ಬಾನಿಂಗ್ಟನನ ವಿಶೇಷ ಶಕ್ತಿ.

೧೮೨೮ನೇ ಸೆಪ್ಟೆಂಬರ್ ೨೩ರಂದು ಆತನು ಕ್ಷಯರೋಗದಿಂದ ಲಂಡನ್ನಿನಲ್ಲಿ ತೀರಿಕೊಂಡನು. ಇಪ್ಪತ್ತಾರು ವರ್ಷ ತುಂಬುವುದಕ್ಕೆ ಇನ್ನೂ ಒಂದು ತಿಂಗಳಿತ್ತು. ದಾರಿಯಲ್ಲಿ ಸಿಕ್ಕಿದ ಒಂದು ಊರಿನ ಬೀದಿಯನ್ನು ಆತನು ಅಷ್ಟು ಗಮನವಿಟ್ಟು ನೋಡಿದುದರಿಂದ ಅಂದಿನ ಬಿಸಿಲು ಇಂದಿಗೂ ನಮಗೆ ಉಳಿದಿದೆ.

ಬಾನಿಂಗ್ಟನನು ಕಲಿತ ಆ ಕಲಾಶಾಲೆಯು ಸ್ತ್ರೀಯರನ್ನು ಸೇರಿಸಿಕೊಂಡುದು ೧೮೯೭ರಲ್ಲಿ. ಅದಕ್ಕೆ ಮುಂಚೆ ಅದೆಷ್ಟು ಹೆಣ್ಣುಮಕ್ಕಳ ಕಣ್ಣುಗಳು ಅಲ್ಲಿ ತರಬೇತಿಲ್ಲದೆ ಹೋದುವೋ! ಆದುದರಿಂದ ಮಕ್ಕಳ ಚಿತ್ರಲೇಖನದ ಪಾಠವನ್ನು ಬರಿಯ ಅಲಂಕಾರವೆಂದು ತಾಯಿತಂದೆಗಳು ಎಣಿಸಬಾರದೆಂದು ನಾವು ಬೇಡುವೆವು. ಗೆರೆ ಎಳೆಯುವ ಕೈಗಿಂತ ಮುಂಚೆ ನೋಡುವ ಕಣ್ಣು ಅಲ್ಲಿ ಪಳಗುತ್ತದೆ. ಮನೆವಾರ್ತೆಯ ನಡುವೆ ಬಣ್ಣದ ಪೆಟ್ಟಿಗೆಯನ್ನು ಮುಚ್ಚಿಟ್ಟಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಒಂದು ಸಾಯಂಕಾಲ ಅದನ್ನು ತೆರೆದು, ತಮ್ಮ ಮನೆಯ ಮುಂದಣ ಬೀದಿಯನ್ನೇ ಬರೆದು ನೋಡಲಿ.