ಇಂಗ್ಲಿಷ್ ಎಂ.ಎ. ಮಾಡಿದರೆ ಹೊಟ್ಟೆ ತುಂಬುತ್ತದೆಯೇ?

ಕಳೆದ ಜೂನ್‌ನಲ್ಲಿ ಒಂದು ರಾತ್ರಿ ಊರಿನಿಂದ ಅಣ್ಣನ ಫೋನ್ ಬಂತು. ಮಗಳು ಪಿಯುಸಿ ಮುಗಿಸಿದ್ದಳು. ‘ನೀನಾರ ಆಕಿಗಿ ಸ್ವಲ್ಪ ಬುದ್ಧಿ ಹೇಳು. ಬಿ.ಎ.ದಾಗ ಇಂಗ್ಲಿಷ್ ತೊಗೋತೀನಿ, ಮುಂದ ಎಂ.ಎ. ಮಾಡ್ತೀನಿ ಅಂತ ಹಟ ಹಿಡದಾಳ. ಕಾಕಾ ಮಾಡಿಲ್ಲೇನು ಅಂತ ನನಗ ಕೇಳ್ತಾಳ. ಅದರಿಂದ ಹೊಟ್ಟಿ ತುಂಬತೈತೇನು?’

ತುಂಬುತ್ತದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅದೇ ವಾರ ನಮ್ಮ ಕಚೇರಿಯಲ್ಲಿ ಒಂಬತ್ತು ಜನರ ತಂಡವನ್ನು ಐದಕ್ಕೆ ಇಳಿಸಿದ್ದರು. ನಾವು ಎರಡು ದಿನ ಕೂತು ಬರೆಯುತ್ತಿದ್ದ ಕರಡನ್ನು ಈಗ ಎಐ ಎರಡು ನಿಮಿಷದಲ್ಲಿ ಕೊಡುತ್ತದೆ. ಉಳಿದ ಐವರಲ್ಲಿ ನಾನೂ ಒಬ್ಬ ಎಂಬುದಷ್ಟೇ ಸಮಾಧಾನ. ‘ನಾಡದು ಹೇಳ್ತೀನಿ ಅಣ್ಣಾ’ ಎಂದು ಫೋನ್ ಇಟ್ಟೆ.

ನಾನು ರಾಯಚೂರು ಜಿಲ್ಲೆಯ ಹಳ್ಳಿಯವನು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್, ಆಮೇಲೆ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ. ಚಾಸರ್‌ನಿಂದ ಎಲಿಯಟ್‌ವರೆಗೆ ನೋಟ್ಸ್ ಬಾಯಿಪಾಠ ಮಾಡಿ ಮೊದಲ ದರ್ಜೆಯಲ್ಲಿ ಪಾಸಾದೆ. ಆದರೆ ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಬೇಕಾದರೆ ಬೆವರು ಬರುತ್ತಿತ್ತು. ಇದು ನನ್ನೊಬ್ಬನ ಕತೆಯಲ್ಲ. ಆ ಕಾಲದಲ್ಲಿ ನಮ್ಮ ಕಡೆ ಇಂಗ್ಲಿಷ್ ಎಂ.ಎ. ಮಾಡಿದ ಅನೇಕರಿಗೆ ಇದು ಗೊತ್ತು.

ನಮ್ಮವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. 2008ರಲ್ಲಿ ಒಂದು ಬ್ಯಾಗ್ ಹಿಡಿದು ಬಸ್ ಹತ್ತಿದೆ. ಅಮೀರ್‌ಪೇಟೆಯ ಹಾಸ್ಟೆಲ್ ಕೋಣೆಯಲ್ಲಿ ನಾಲ್ಕು ಮಂಚ, ಅದರಲ್ಲಿ ಮೂವರು ಎಂಜಿನಿಯರುಗಳು. ಅವರು ಬೆಳಗಾದರೆ ಜಾವಾ ಕೋಚಿಂಗಿಗೆ ಹೋಗುತ್ತಿದ್ದರು. ನನ್ನ ಎಂ.ಎ.ಗೆ ಯಾವ ಕೋಚಿಂಗ್ ಇದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಒಂದು ಕಾಲ್ ಸೆಂಟರಿನ ಸಂದರ್ಶನಕ್ಕೆ ಹೋದೆ. ಮೂರೇ ನಿಮಿಷಕ್ಕೆ ಹೊರಗೆ ಕಳಿಸಿದರು. ಕಾರಣ: ಮಾತಿನಲ್ಲಿ ತಾಯ್ನುಡಿಯ ಪ್ರಭಾವ ಹೆಚ್ಚು. ಇಂಗ್ಲಿಷಿನಲ್ಲಿ ಎಂ.ಎ. ಪದವಿ ಪಡೆದವನಿಗೆ ಇಂಗ್ಲಿಷ್ ಬಾರದು ಎಂದು ಹೇಳಿ ಕಳಿಸಿದ ಆ ದಿನ ನಾನು ಊಟ ಮಾಡಲಿಲ್ಲ.

ಕೊನೆಗೆ ಸಿಕ್ಕಿದ್ದು ಕರಡು ತಿದ್ದುವ ಕೆಲಸ. ಪಠ್ಯಪುಸ್ತಕಗಳ ಪ್ರೂಫ್ ನೋಡುವುದು, ತಿಂಗಳಿಗೆ 8,500 ರೂಪಾಯಿ. ಅಲ್ಲಿಂದ ಮೂರು ವರ್ಷಕ್ಕೆ ಟೆಕ್ನಿಕಲ್ ರೈಟರ್ ಆದೆ. ಅಂದರೆ ಸಾಫ್ಟ್‌ವೇರನ್ನು ಹೇಗೆ ಬಳಸಬೇಕು ಎಂದು ಬಳಸುವವರಿಗೆ ತಿಳಿಸುವ ಕೈಪಿಡಿ ಬರೆಯುವವನು.

ಆ ಕೆಲಸದಲ್ಲಿ ನನ್ನ ಎಂ.ಎ. ಎಲ್ಲಿ ಉಪಯೋಗಕ್ಕೆ ಬಂತು ಎಂಬುದಕ್ಕೆ ಒಂದು ಸಣ್ಣ ಉದಾಹರಣೆ. ಒಬ್ಬ ಎಂಜಿನಿಯರ್ ಬರೆದು ಕೊಟ್ಟಿದ್ದರು: ಬ್ಯಾಕಪ್ ಮುಗಿದ ಮೇಲೆ ಅದನ್ನು ಮತ್ತೆ ಶುರು ಮಾಡಬೇಕು. ನಾನು ಕೇಳಿದೆ, ‘ಅದನ್ನು ಅಂದರೆ ಯಾವುದನ್ನು ಸಾರ್? ಬ್ಯಾಕಪ್ಪನ್ನೋ, ಸರ್ವರನ್ನೋ, ಡೇಟಾಬೇಸನ್ನೋ?’ ಅವರು ಎರಡು ಕ್ಷಣ ಸುಮ್ಮನಾದರು. ಮೂರಕ್ಕೆ ಮೂರು ಬೇರೆ ಬೇರೆ ಪರಿಣಾಮ. ತಪ್ಪನ್ನು ಶುರು ಮಾಡಿದರೆ ಗ್ರಾಹಕರ ಒಂದು ದಿನದ ಲೆಕ್ಕ ಹೋಗುತ್ತಿತ್ತು. ಕವಿತೆಯ ಒಂದು ಸಾಲಿಗೆ ಎಷ್ಟು ಅರ್ಥ ಎಂದು ನಮ್ಮ ಮೇಷ್ಟ್ರು ಒಂದು ಗಂಟೆ ಕೊರೆಯುತ್ತಿದ್ದಾಗ ಕಿಟಕಿಯಾಚೆ ನೋಡುತ್ತಿದ್ದೆ. ಆ ಕೊರೆತಕ್ಕೇ ಈಗ ನನಗೆ ಸಂಬಳ. ಇವತ್ತು ಎಐ ಬರೆದ ಕರಡಿನಲ್ಲೂ ಇದೇ ಕೆಲಸ. ಅದರ ವಾಕ್ಯಗಳಲ್ಲಿ ವ್ಯಾಕರಣದ ತಪ್ಪು ಸಿಗುವುದು ಅಪರೂಪ; ಹೇಳಿದ್ದು ನಿಜವೇ, ಓದುವವನಿಗೆ ಒಂದೇ ಅರ್ಥ ಹೊಳೆಯುತ್ತದೆಯೇ ಎಂದು ನೋಡಲು ಇನ್ನೂ ಮನುಷ್ಯರು ಬೇಕು. ಎಷ್ಟು ಜನ ಬೇಕು ಎಂಬುದು ಮಾತ್ರ ಕಡಿಮೆಯಾಗಿದೆ.

ಇಂಗ್ಲಿಷ್ ಓದಿಗೂ ಹೈದರಾಬಾದಿಗೂ ಹಳೆಯ ನಂಟು, ಅದರಲ್ಲಿ ಕನ್ನಡಿಗರ ಪಾಲೂ ಇದೆ. 1918ರಲ್ಲಿ ಇಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದಾಗ ಬೋಧನೆ ಉರ್ದುವಿನಲ್ಲಿತ್ತು, ಆದರೂ ಇಂಗ್ಲಿಷ್ ಕಡ್ಡಾಯ ವಿಷಯವಾಗಿತ್ತು. ಅದರ ಪಕ್ಕದಲ್ಲೇ, ತಾರ್ನಾಕದ ಬಳಿ, ಈಗ ಇಫ್ಲು ಎಂದು ಕರೆಯುವ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಿದೆ. 1958ರಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಎಂದು ಹುಟ್ಟಿ, 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಅದರ ಆರಂಭದ ವರ್ಷಗಳಲ್ಲಿ ನಿರ್ದೇಶಕರಾಗಿದ್ದವರು ನಮ್ಮ ವಿ.ಕೃ. ಗೋಕಾಕರು. ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಓದಿ ಬಂದ, ಇಡೀ ದೇಶದ ಮೇಷ್ಟ್ರುಗಳಿಗೆ ಇಂಗ್ಲಿಷ್ ಹೇಗೆ ಕಲಿಸಬೇಕೆಂದು ತರಬೇತಿ ಕೊಡುವ ಸಂಸ್ಥೆ ನಡೆಸಿದ ಅದೇ ಗೋಕಾಕರ ಸಮಿತಿ, 1981ರ ವರದಿಯಲ್ಲಿ ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಿರಬೇಕು ಎಂದಿತು. ಬಿ.ಎಂ.ಶ್ರೀ., ಅಡಿಗ, ಅನಂತಮೂರ್ತಿ, ಲಂಕೇಶ್ ಎಲ್ಲರೂ ಇಂಗ್ಲಿಷ್ ಮೇಷ್ಟ್ರುಗಳೇ. ಇಂಗ್ಲಿಷ್ ಓದಿದರೆ ಕನ್ನಡ ಬಿಟ್ಟಂತೆ ಎಂದು ಹೇಳುವವರಿಗೆ ಈ ಹೆಸರುಗಳೇ ಸಾಕು.

ನನ್ನ ಅನುಭವವೂ ಹಾಗೇ. ಕೆಲವು ವರ್ಷಗಳ ಹಿಂದೆ ನಮ್ಮ ಆ್ಯಪ್ ಕನ್ನಡದಲ್ಲೂ ಬರಬೇಕಾಯಿತು. ತಂಡದಲ್ಲಿ ನನಗಿಂತ ಚೆಂದ ಇಂಗ್ಲಿಷ್ ಮಾತಾಡುವವರು ಆರು ಜನರಿದ್ದರು. ಎರಡೂ ಭಾಷೆಯಲ್ಲಿ ಬರೆಯಬಲ್ಲವನು ನಾನೊಬ್ಬನೇ. ತಂಡ ಇಳಿಸುವಾಗ ನನ್ನ ಹೆಸರು ಉಳಿದದ್ದಕ್ಕೆ ಅದೂ ಒಂದು ಕಾರಣ ಎಂದು ಮ್ಯಾನೇಜರ್ ಆಮೇಲೆ ಹೇಳಿದರು. ಕಾಲ್ ಸೆಂಟರಿನಲ್ಲಿ ದೋಷವಾಗಿದ್ದ ತಾಯ್ನುಡಿಯೇ ನನ್ನ ಕೆಲಸ ಉಳಿಸಿತು.

ಮೂರನೇ ದಿನ ಅಣ್ಣನಿಗೆ ಫೋನ್ ಮಾಡಿದೆ. ಮಗಳಿಗೂ ಕೇಳಲಿ ಎಂದು ಸ್ಪೀಕರ್ ಹಾಕಲು ಹೇಳಿದೆ. ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ, ನಿಮ್ಮ ಮನೆಯಲ್ಲೂ ಇಂಥ ಮಕ್ಕಳಿರಬಹುದು.

ಬರೀ ಎಂ.ಎ. ಪದವಿ ಅನ್ನ ಹಾಕುವುದಿಲ್ಲ, ಅದಕ್ಕೆ ಇನ್ನೊಂದನ್ನು ಜೋಡಿಸಬೇಕು. ಮೇಷ್ಟ್ರಾಗಬೇಕೆಂದರೆ ಹೈಸ್ಕೂಲಿಗೂ ಪಿಯುಗೂ ಬಿ.ಇಡಿ. ಬೇಕು. ಡಿಗ್ರಿ ಕಾಲೇಜಿಗೆ ಎಂ.ಎ.ಯಲ್ಲಿ ಶೇ 55 ಅಂಕ, ಮೇಲೆ ನೆಟ್ ಇಲ್ಲವೇ ಕೆ-ಸೆಟ್; ಅದೆಲ್ಲ ಮುಗಿದ ಮೇಲೂ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಾಯುತ್ತಿರುವವರು ನನ್ನ ಸಹಪಾಠಿಗಳಲ್ಲೇ ಇದ್ದಾರೆ. ಇಂಗ್ಲಿಷ್ ಬೋಧನೆಯಲ್ಲಿ ಆಸಕ್ತಿ ಇದ್ದರೆ ಇಫ್ಲು ಇದೆ, ಬೆಂಗಳೂರಿನಲ್ಲಿ 1963ರಿಂದ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ಖಾಸಗಿಗೆ ಬರುವುದಾದರೆ ಟೆಕ್ನಿಕಲ್ ರೈಟಿಂಗ್, ಆನ್‌ಲೈನ್ ಪಾಠಗಳ ವಿನ್ಯಾಸ, ಪುಸ್ತಕ ಪ್ರಕಾಶನ, ಅನುವಾದ, ಸಬ್‌ಟೈಟಲ್, ಸುದ್ದಿ ಸಂಸ್ಥೆಗಳ ಡೆಸ್ಕ್ ಇವೆ. ರಾಮೋಜಿ ಫಿಲ್ಮ್ ಸಿಟಿಗೆ 2000ದಲ್ಲಿ ಈಟಿವಿ ಕನ್ನಡಕ್ಕಾಗಿ ಬಂದ ನಮ್ಮವರಿಗೆ ಅನ್ನ ಕೊಟ್ಟದ್ದೂ ಎರಡು ಭಾಷೆಯ ಬಲವೇ. ಆದರೆ ಇಲ್ಲಿ ಯಾರೂ ಅಂಕಪಟ್ಟಿ ಮೊದಲು ಕೇಳುವುದಿಲ್ಲ. ನೀವು ಬರೆದದ್ದು ತೋರಿಸಿ ಎನ್ನುತ್ತಾರೆ. ನನಗೆ ಯಾರೂ ಇದನ್ನು ಹೇಳಲಿಲ್ಲ, ಎಂ.ಎ. ಮುಗಿದಾಗ ನನ್ನ ಹತ್ತಿರ ಸ್ವಂತದ್ದು ಎಂದು ಒಂದು ಪುಟವೂ ಇರಲಿಲ್ಲ.

ಅದಕ್ಕೇ ಅವಳಿಗೆ ಒಂದು ಷರತ್ತು ಹಾಕಿದೆ. ಬಿ.ಎ.ಯಲ್ಲಿ ಇಂಗ್ಲಿಷ್ ತೊಗೋ, ಆದರೆ ಕನ್ನಡವನ್ನೂ ತೊಗೋ. ಪ್ರತಿ ಭಾನುವಾರ ದಿನಪತ್ರಿಕೆಯ ಒಂದು ಪ್ಯಾರಾ ಕನ್ನಡದಿಂದ ಇಂಗ್ಲಿಷಿಗೆ ಮಾಡಿ ನನಗೆ ಕಳಿಸು, ಜೋರಾಗಿ ಓದಿ ಅದರ ಧ್ವನಿಯನ್ನೂ ಕಳಿಸು. ನೋಟ್ಸ್ ಬಾಯಿಪಾಠ ಮಾಡಿದ್ದು ಗೊತ್ತಾದರೆ ಫೀಸು ಕೊಡುವುದಿಲ್ಲ. ‘ಆತು ಕಾಕಾ’ ಎಂದಳು. ಅಣ್ಣ ಮಾತಾಡಲಿಲ್ಲ.

ದಸರಾ ರಜೆಗೆ ಬಂದಾಗ ಅವಳನ್ನು ತಾರ್ನಾಕದ ಕ್ಯಾಂಪಸ್‌ಗೆ ಕರೆದುಕೊಂಡು ಹೋಗಿ ಗೇಟಿನಿಂದಲೇ ತೋರಿಸಿದೆ. ಬರುವಾಗ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಮುಂದೆಯೂ ಆಟೊ ನಿಲ್ಲಿಸಿದೆ. ಎರಡರ ಫೋಟೊವನ್ನೂ ಅಪ್ಪನಿಗೆ ಕಳಿಸಿದಳು.

ಈಗ ಅವಳ ಹದಿನಾರನೇ ಭಾನುವಾರ. ತಪ್ಪುಗಳಿವೆ, ಆದರೆ ಅವು ಅವಳವೇ ತಪ್ಪುಗಳು. ಹೋದ ವಾರ ಕೆಲಸದ ಗಡಿಬಿಡಿಯಲ್ಲಿ ತಿದ್ದಿ ಕಳಿಸಲು ಮರೆತಿದ್ದೆ. ಸೋಮವಾರ ಬೆಳಗ್ಗೆ ಏಳಕ್ಕೇ ಅಣ್ಣನ ಫೋನ್: ‘ಏನಪಾ, ಹುಡುಗಿ ಬರದದ್ದು ನೋಡಲಿಲ್ಲೇನು?’