ಪಂಕ್‌ ವೇದಿಕೆಯಲ್ಲಿ ಅಜ್ಜಂದಿರ ಜತೆ ಮೊಮ್ಮಕ್ಕಳು

ಇಂಗ್ಲೆಂಡಿನ ವಾಯವ್ಯ ಕರಾವಳಿಯ ಬ್ಲ್ಯಾಕ್‌ಪೂಲ್‌ ಕಾರ್ಮಿಕ ಕುಟುಂಬಗಳ ಹಳೆಯ ವಿಹಾರತಾಣ. ಅಲ್ಲಿನ ವಿಂಟರ್‌ ಗಾರ್ಡನ್ಸ್‌ ಕಟ್ಟಡ 1878ರಲ್ಲಿ ಆರಂಭವಾದದ್ದು. ಅದರೊಳಗಿನ ಎಂಪ್ರೆಸ್‌ ಬಾಲ್‌ರೂಮ್‌ 1896ರದು. ಜೋಡಿಗಳು ನರ್ತಿಸಲೆಂದು ಕಟ್ಟಿದ ಈ ಭವನದಲ್ಲಿ, ಹುಂಜದ ಜುಟ್ಟಿನಂತೆ ಕೂದಲು ನಿಲ್ಲಿಸಿದ, ಚರ್ಮದ ಜಾಕೆಟ್‌ ತೊಟ್ಟ ಸಾವಿರಾರು ಮಂದಿ ಸೇರುವ ಪಂಕ್‌ ಸಂಗೀತೋತ್ಸವವೇ 'ರೆಬೆಲಿಯನ್‌'. 1996ರಲ್ಲಿ 'ಹಾಲಿಡೇಸ್‌ ಇನ್‌ ದಿ ಸನ್‌' ಎಂಬ ಹೆಸರಿನಿಂದ ಆರಂಭವಾದ ಇದು ನಂತರ 'ವೇಸ್ಟೆಡ್‌' ಆಗಿ, ಕೊನೆಗೆ ಈಗಿನ ಹೆಸರು ಪಡೆಯಿತು.

ಬ್ರಿಟನ್ನಿನಲ್ಲಿ ನಿರುದ್ಯೋಗಿಗಳ ಸಂಖ್ಯೆ ಹತ್ತು ಲಕ್ಷ ದಾಟಿದ್ದ 1976ರಲ್ಲಿ ಪಂಕ್‌ ಅಬ್ಬರಿಸಿತು. ಮೂರು ಸ್ವರಮೇಳ ನುಡಿಸಲು ಬಂದರೆ ಸಾಕು, ತಂಡ ಕಟ್ಟಬಹುದು ಎಂಬುದೇ ಅದರ ಸಿದ್ಧಾಂತ. ಅದೇ ಡಿಸೆಂಬರಿನಲ್ಲಿ ಸೆಕ್ಸ್‌ ಪಿಸ್ತೂಲ್ಸ್‌, ಕ್ಲ್ಯಾಷ್‌, ಡ್ಯಾಮ್ಡ್‌ ತಂಡಗಳು ಜತೆಯಾಗಿ ಹೊರಟ ಪ್ರವಾಸದ ಬಹುಪಾಲು ಕಾರ್ಯಕ್ರಮಗಳು ರದ್ದಾದವು. ಹಲವೆಡೆ ನಗರಾಡಳಿತಗಳೇ ಬಾಗಿಲು ಹಾಕಿದ್ದವು. ಬ್ಲ್ಯಾಕ್‌ಪೂಲ್‌ ಅಂತೂ ಇನ್ನೂ ಮುಂಚಿನಿಂದಲೇ ಬಿಗಿ. 1964ರಲ್ಲಿ ಇದೇ ಎಂಪ್ರೆಸ್‌ ಬಾಲ್‌ರೂಮಿನಲ್ಲಿ ಗಲಭೆಯಾದ ಬಳಿಕ ರೋಲಿಂಗ್‌ ಸ್ಟೋನ್ಸ್‌ ತಂಡಕ್ಕೆ ಹೇರಿದ್ದ ನಿಷೇಧ ತೆರವಾದದ್ದು 2008ರಲ್ಲಿ. ಸೋಜಿಗವೆಂದರೆ, 2010ರಲ್ಲಿ ವಿಂಟರ್‌ ಗಾರ್ಡನ್ಸ್‌ ಅನ್ನು ಕೊಂಡದ್ದು ಅಲ್ಲಿನ ನಗರಾಡಳಿತವೇ. ಪಂಕ್‌ ಈಗ ಸರ್ಕಾರಿ ಸೂರಿನಡಿಯ ಅತಿಥಿ!

ರೆಬೆಲಿಯನ್‌ ಹಳಬರ ಪುನರ್ಮಿಲನ ಎಂಬ ಟೀಕೆಯಿದೆ. ಅದು ಪೂರ್ತಿ ಸುಳ್ಳಲ್ಲ. ದೊಡ್ಡಕ್ಷರಗಳಲ್ಲಿ ಅಚ್ಚಾಗುವ ಹೆಸರುಗಳು ಹೆಚ್ಚಾಗಿ ಎಪ್ಪತ್ತರ ದಶಕದವೇ. ಯುಕೆ ಸಬ್ಸ್‌ ತಂಡದ ಚಾರ್ಲಿ ಹಾರ್ಪರ್‌ 1944ರಲ್ಲಿ ಜನಿಸಿದವರು. ಪಂಕ್‌ ಹುಟ್ಟುವಾಗಲೇ ಮೂವತ್ತು ದಾಟಿದ್ದ ಕೇಶವಿನ್ಯಾಸಕ. ಅವರ ತಂಡ 1979ರಿಂದ 2016ರವರೆಗೆ ಇಂಗ್ಲಿಷ್‌ ವರ್ಣಮಾಲೆಯ 'ಎ'ಯಿಂದ 'ಝಡ್‌'ವರೆಗೆ ಅಕ್ಷರಕ್ಕೊಂದರಂತೆ 26 ಆಲ್ಬಮ್‌ಗಳನ್ನು ಹೊರತಂದಿತು. ಮೂರೇ ಸ್ವರಮೇಳದ ಸಂಗೀತಕ್ಕೆ ಇಷ್ಟು ದೀರ್ಘಾಯುಷ್ಯವನ್ನು ಯಾರೂ ನಿರೀಕ್ಷಿಸಿರಲಿಲ್ಲ.

ಆದರೆ ಉತ್ಸವದ ನಿಜವಾದ ಮರ್ಮ ಅಡಗಿರುವುದು ಸಣ್ಣ ವೇದಿಕೆಗಳಲ್ಲಿ. ಒಂದೇ ಟಿಕೆಟ್‌ ಹಿಡಿದು ಕಟ್ಟಡದೊಳಗಿನ ಎಲ್ಲ ಸಭಾಂಗಣಗಳಿಗೂ ಹೋಗಬಹುದು. ಡ್ಯಾಮ್ಡ್‌ ತಂಡವನ್ನು ನೋಡಲೆಂದೇ ಬಂದ ಅರವತ್ತರ ಅಭಿಮಾನಿ, ಮಧ್ಯಾಹ್ನ ಕಾಲಹರಣಕ್ಕೆಂದು ಪಕ್ಕದ ಬಾಗಿಲು ತಳ್ಳಿದರೆ ಹೆಸರೇ ಕೇಳಿರದ ತಂಡವೊಂದು ಎದುರಾಗುತ್ತದೆ. ಹೊಸಬರಿಗಾಗಿಯೇ 'ಇಂಟ್ರಡ್ಯೂಸಿಂಗ್‌ ಸ್ಟೇಜ್‌' ಎಂಬ ಪ್ರತ್ಯೇಕ ವೇದಿಕೆಯನ್ನು ರೂಪಿಸಲಾಯಿತು. ಹೇಸ್ಟಿಂಗ್ಸ್‌ ಪಟ್ಟಣದ ನಾಲ್ವರು ಸೋದರಿಯರ ಮೇಡ್‌ ಆಫ್‌ ಏಸ್‌, ಗಿಟಾರ್‌ ಹಾಗೂ ಡ್ರಮ್‌ ಮಾತ್ರ ನೆಚ್ಚಿದ ಎಸೆಕ್ಸ್‌ ಜೋಡಿ ದಿ ಮೆಫ್ಸ್‌ ಮೊದಲಾದವರು ಈ ಉತ್ಸವದಲ್ಲಿ ಹಾಡಿದವರೇ. ಹಿರಿಯರ ಹೆಸರು ಟಿಕೆಟ್‌ ಮಾರುತ್ತದೆ. ಆ ಜನಸಂದಣಿ ಕಿರಿಯರ ಪಾಲಿಗೂ ದಕ್ಕುತ್ತದೆ.

ಈ ಕೊಡುಕೊಳೆಗೆ ಈಗ ಅವಸರ ಒದಗಿದೆ. ಹಿರಿಯರು ಒಬ್ಬೊಬ್ಬರಾಗಿ ನಿರ್ಗಮಿಸುತ್ತಿದ್ದಾರೆ. ಬಝ್‌ಕಾಕ್ಸ್‌ ತಂಡದ ಪೀಟ್‌ ಶೆಲ್ಲಿ 2018ರ ಡಿಸೆಂಬರಿನಲ್ಲಿ, ಏಂಜೆಲಿಕ್‌ ಅಪ್‌ಸ್ಟಾರ್ಟ್ಸ್‌ ತಂಡದ ಗಾಯಕ ಮೆನ್ಸಿ 2021ರ ಡಿಸೆಂಬರಿನಲ್ಲಿ ತೀರಿಕೊಂಡರು. ಇನ್ನೊಂದೆಡೆ, ಕಿರಿಯರು ಪಳಗಬೇಕಾದ ಸಣ್ಣ ಸಂಗೀತ ಕೇಂದ್ರಗಳೇ ಮುಚ್ಚುತ್ತಿವೆ. ಬ್ರಿಟನ್ನಿನ ಮ್ಯೂಸಿಕ್‌ ವೆನ್ಯೂ ಟ್ರಸ್ಟ್‌ ಲೆಕ್ಕದ ಪ್ರಕಾರ 2023ರ ಒಂದೇ ವರ್ಷದಲ್ಲಿ ಇಂತಹ 125 ಕೇಂದ್ರಗಳಲ್ಲಿ ಸಂಗೀತ ನಿಂತಿತು. ಬಾಡಿಗೆ ಮತ್ತು ವಿದ್ಯುತ್‌ ದರದ ಏರಿಕೆ ಅದಕ್ಕೆ ಮುಖ್ಯ ಕಾರಣ. ವರ್ಷಕ್ಕೊಮ್ಮೆ ಬರುವ ಉತ್ಸವ ಎಷ್ಟೇ ದೊಡ್ಡದಿದ್ದರೂ ವಾರವಾರದ ಆ ಅಭ್ಯಾಸಕ್ಕೆ ಬದಲಿಯಾಗಲಾರದು.

ಈ ಹಿನ್ನೆಲೆಯಲ್ಲಿ ಲಂಡನ್ನಿನಲ್ಲಿ 2024ರ ಆಗಸ್ಟಿನಲ್ಲಿ ನಡೆದ ಪ್ರಯೋಗ ಗಮನಾರ್ಹ. ಸೆಕ್ಸ್‌ ಪಿಸ್ತೂಲ್ಸ್‌ ತಂಡದ ಸ್ಟೀವ್‌ ಜೋನ್ಸ್‌, ಪಾಲ್‌ ಕುಕ್‌ ಹಾಗೂ ಗ್ಲೆನ್‌ ಮ್ಯಾಟ್‌ಲಾಕ್‌, ಗಾಯಕನ ಸ್ಥಾನಕ್ಕೆ ಫ್ರಾಂಕ್‌ ಕಾರ್ಟರ್‌ ಅವರನ್ನು ಕರೆತಂದರು. ಕಾರ್ಟರ್‌ ಹುಟ್ಟಿದ್ದು 1984ರಲ್ಲಿ, ಪಿಸ್ತೂಲ್ಸ್‌ ಮೊದಲ ಸಲ ಒಡೆದು ಆರು ವರ್ಷಗಳಾದ ಮೇಲೆ! ಕುಕ್‌ ಮತ್ತು ಜೋನ್ಸ್‌ ಬೆಳೆದ ಶೆಫರ್ಡ್ಸ್‌ ಬುಷ್‌ ಬಡಾವಣೆಯಲ್ಲೇ ಅವರು ಹಾಡಿದರು. ಸಂಕಷ್ಟದಲ್ಲಿದ್ದ ಬುಷ್‌ ಹಾಲ್‌ ಎಂಬ ಸಣ್ಣ ಸಭಾಂಗಣಕ್ಕೆ ಹಣ ಕೂಡಿಸುವುದೇ ಆ ಕಾರ್ಯಕ್ರಮಗಳ ಉದ್ದೇಶವಾಗಿತ್ತು.